ಅಸಲಿಗಿಂತ ಕಡಿಮೆಗೆ ಮಾರುವ ಬಲ: ನಾಲ್ಕು ಊರುಗಳ ಅಂಗಡಿಯವರಿಗೆ ಒಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ದಿನಸಿ ಅಂಗಡಿಯವರಿಗೆ, ಚಿಲ್ಲರೆ ವರ್ತಕರಿಗೆ, ವರ್ತಕರ ಸಂಘಗಳ ಪದಾಧಿಕಾರಿಗಳಿಗೆ,



ಸರಣಿ ಮಳಿಗೆಗಳೂ ಮೊಬೈಲಿನಲ್ಲೇ ದಿನಸಿ ಮಾರುವ ಕಂಪನಿಗಳೂ ಮಹಾನಗರ ದಾಟಿ ಊರೂರಿಗೆ ಕೈಚಾಚುತ್ತಿರುವ ಈ ಕಾಲದಲ್ಲಿ ಸಣ್ಣ ಅಂಗಡಿಯವರ ಬಾಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ. ಡಿಸ್ಟ್ರಿಬ್ಯೂಟರ್ ನಮಗೆ ಕೊಡುವ ದರಕ್ಕಿಂತ ಕಡಿಮೆಗೆ ಅವರು ಗಿರಾಕಿಗೇ ಮಾರುತ್ತಾರಲ್ಲ, ಇದನ್ನು ಕೇಳುವ ಕಾನೂನು ಇಲ್ಲವೇ? ಕಾನೂನು ಇದೆ. ನೀವು ಬಯಸುವಷ್ಟು ವಿಶಾಲವಾಗಿಲ್ಲ, ದೊಡ್ಡವರ ವಕೀಲರು ಹೇಳುವಷ್ಟು ಪೊಳ್ಳೂ ಅಲ್ಲ. ಅದು ಎಲ್ಲಿ ನಿಮ್ಮ ಪರ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ, ಎಲ್ಲಿ ಅದನ್ನು ತಿದ್ದಬೇಕು ಎಂದು ಬಿಡಿಸಿ ಹೇಳಲು ಈ ಪತ್ರ. ನನ್ನ ಮಾತಿನ ಸಾರ ಇಷ್ಟು: ನಿಮ್ಮ ಹೋರಾಟ ಅಗ್ಗದ ಬೆಲೆಯ ವಿರುದ್ಧವಾದರೆ ಸೋಲುತ್ತದೆ, ಸೋಲುವುದೇ ನ್ಯಾಯ. ಅಸಲಿಗಿಂತ ಕೆಳಗೆ ಮಾರಿ ಪಕ್ಕದವರನ್ನು ಮುಗಿಸಬಲ್ಲ ಬಲದ ವಿರುದ್ಧವಾದರೆ ಅದಕ್ಕೆ ಕಾನೂನಿನ ಆಧಾರವೂ ಇದೆ, ನ್ಯಾಯವೂ ಇದೆ. ಆ ಬಲವನ್ನು ದೇಶದ ಅಳತೆಗೋಲಿನಿಂದಲ್ಲ, ಊರಿನ ಅಳತೆಗೋಲಿನಿಂದ ಅಳೆಯಬೇಕು ಎಂಬುದು ನಿಮ್ಮ ಬೇಡಿಕೆಯಾಗಲಿ.

ಮೊದಲು ಕಾನೂನು ತಡೆಯದಿರುವುದನ್ನು ನೋಡೋಣ. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವ ಎಂಆರ್‌ಪಿ ಗರಿಷ್ಠ ಬೆಲೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಅದರಡಿ ಬಂದ 2011ರ ಪ್ಯಾಕ್ ಮಾಡಿದ ಸರಕುಗಳ ನಿಯಮಗಳು ಆ ಬೆಲೆಗಿಂತ ಹೆಚ್ಚಿಗೆ ಮಾರುವುದನ್ನು ತಡೆಯುತ್ತವೆಯೇ ಹೊರತು ಕಡಿಮೆಗೆ ಮಾರುವುದನ್ನಲ್ಲ. ಇಂತಿಷ್ಟಕ್ಕಿಂತ ಕೆಳಗೆ ಯಾರೂ ಮಾರಬಾರದು ಎಂದು ಎಲ್ಲರಿಗೂ ಅನ್ವಯಿಸುವ ಕನಿಷ್ಠ ಬೆಲೆಯ ನಿಯಮ ನಮ್ಮ ದೇಶದ ದಿನಸಿ ವ್ಯಾಪಾರದಲ್ಲಿಲ್ಲ. ಲಾರಿಗಟ್ಟಲೆ ಕೊಂಡವನಿಗೆ ಮೂಟೆಗಟ್ಟಲೆ ಕೊಂಡವನಿಗಿಂತ ಅಗ್ಗವಾಗಿ ಸಿಗುತ್ತದೆ. ನಗದು ಕೊಟ್ಟವನಿಗೆ ಸಾಲ ಮಾಡಿದವನಿಗಿಂತ ಅಗ್ಗವಾಗಿ ಸಿಗುತ್ತದೆ. ಸ್ವಂತ ಗೋದಾಮು, ಸ್ವಂತ ಸಾಗಣೆ ಇದ್ದವನಿಗೆ ಮಧ್ಯವರ್ತಿಯ ಖರ್ಚು ಉಳಿಯುತ್ತದೆ. ಈ ಉಳಿತಾಯವನ್ನು ಗಿರಾಕಿಗೆ ದಾಟಿಸುವುದು ವ್ಯಾಪಾರದ ಧರ್ಮವೇ. ಕೂಲಿ ಮಾಡಿ ತಿಂಗಳ ಸಾಮಾನು ಕೊಳ್ಳುವ ಮನೆಗೆ ಎಣ್ಣೆಯಲ್ಲಿ ಹತ್ತು ರೂಪಾಯಿ ಉಳಿದರೆ ಅದನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ.

ಕಾನೂನು ಕೈಹಾಕುವುದು ಇದಕ್ಕಿಂತ ಮುಂದಿನ ಹಂತದಲ್ಲಿ. 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಪ್ರಬಲ ಸ್ಥಾನದ ದುರುಪಯೋಗವನ್ನು ನಿಷೇಧಿಸುತ್ತದೆ. ಆ ದುರುಪಯೋಗದ ಪಟ್ಟಿಯಲ್ಲಿ ಸ್ಪರ್ಧಿಗಳನ್ನು ಕಬಳಿಸುವ ಬೆಲೆಯೂ ಇದೆ. ಸ್ಪರ್ಧೆಯನ್ನು ಕುಗ್ಗಿಸುವ ಅಥವಾ ಸ್ಪರ್ಧಿಗಳನ್ನು ಇಲ್ಲವಾಗಿಸುವ ಉದ್ದೇಶದಿಂದ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರುವುದೇ ಅಂಥ ಬೆಲೆ ಎಂಬುದು ಕಾಯ್ದೆಯ ವ್ಯಾಖ್ಯೆಯ ತಾತ್ಪರ್ಯ. ಹಾಗಾಗಿ ಮೂರು ಸಂಗತಿಗಳು ಒಟ್ಟಿಗೆ ಸಾಬೀತಾಗಬೇಕು: ಮಾರುವವನು ಆ ಮಾರುಕಟ್ಟೆಯಲ್ಲಿ ಪ್ರಬಲನಾಗಿರಬೇಕು, ಬೆಲೆ ವೆಚ್ಚಕ್ಕಿಂತ ಕೆಳಗಿರಬೇಕು, ಉದ್ದೇಶ ಸ್ಪರ್ಧಿಯನ್ನು ಹೊರಹಾಕುವುದಾಗಿರಬೇಕು. ತಪ್ಪು ಸಾಬೀತಾದರೆ ಹಿಂದಿನ ಮೂರು ವರ್ಷಗಳ ಸರಾಸರಿ ವಹಿವಾಟಿನ ಶೇಕಡಾ 10ರವರೆಗೆ ದಂಡ ಹಾಕುವ ಅಧಿಕಾರ ಭಾರತೀಯ ಸ್ಪರ್ಧಾ ಆಯೋಗಕ್ಕಿದೆ. ವೆಚ್ಚವನ್ನು ಲೆಕ್ಕ ಹಾಕುವ ಬಗೆಯನ್ನು ಆಯೋಗದ ನಿಯಮಾವಳಿ ಹೇಳುತ್ತದೆ. ಅದು ಸಾಮಾನ್ಯವಾಗಿ ಹಿಡಿಯುವ ಅಳತೆ ಸರಾಸರಿ ಬದಲಾಗುವ ವೆಚ್ಚ, ಅಂದರೆ ಮಾರಾಟ ಏರಿದಂತೆ ಏರುವ, ಇಳಿದಂತೆ ಇಳಿಯುವ ಖರ್ಚು. ದಿನಸಿ ವ್ಯಾಪಾರದಲ್ಲಿ ಇದರ ಬಹುಪಾಲು ಸರಕಿನ ಕೊಳ್ಳುವ ದರವೇ, ನೀವು ಅಸಲು ಎನ್ನುವುದೇ. ಕಟ್ಟಡದ ಬಾಡಿಗೆಯಂಥ ನಿಗದಿತ ಖರ್ಚು ಇದರಲ್ಲಿ ಸೇರುವುದಿಲ್ಲ. ಇನ್ನೊಂದು ಎಚ್ಚರಿಕೆ: ಇಲ್ಲಿ ಲೆಕ್ಕಕ್ಕೆ ಬರುವುದು ಮಾರುವವನ ಅಸಲು, ನಿಮ್ಮ ಅಸಲಲ್ಲ. ನಿಮ್ಮ ಬಿಲ್ಲಿಗಿಂತ ಕಡಿಮೆಗೆ ಅವರು ಮಾರಿದರೆಂಬ ಒಂದೇ ಕಾರಣಕ್ಕೆ ಅವರಿಗೆ ನಷ್ಟವಾಗಿದೆ ಎನ್ನಲಾಗದು. ಕಂಪನಿ ಅವರಿಗೆ ನಿಮಗಿಂತ ಅಗ್ಗವಾಗಿ ಕೊಟ್ಟಿರಬಹುದು. ಆ ಅಂತರ ಬೇರೆಯೇ ದೂರಿನ ವಿಷಯ, ಅದಕ್ಕೆ ಮುಂದೆ ಬರುತ್ತೇನೆ.

ಮೂರರಲ್ಲಿ ದೂರುಗಳು ಎಡವುವುದು ಮೊದಲ ಮೆಟ್ಟಿಲಿನಲ್ಲೇ. ನಮ್ಮ ರಾಜಧಾನಿಯ ಒಂದು ಪ್ರಕರಣ ಇದಕ್ಕೆ ಸಾಕ್ಷಿ. ಓಲಾ ಕಂಪನಿ ಪ್ರಯಾಣಿಕರಿಗೆ ರಿಯಾಯಿತಿ, ಚಾಲಕರಿಗೆ ಪ್ರೋತ್ಸಾಹಧನ ಕೊಟ್ಟು, ಬರುವ ಹಣಕ್ಕಿಂತ ಹೆಚ್ಚು ಸುರಿದು ಬೆಂಗಳೂರಿನ ಟ್ಯಾಕ್ಸಿ ಮಾರುಕಟ್ಟೆಯಿಂದ ತಮ್ಮನ್ನು ಹೊರದೂಡುತ್ತಿದೆ ಎಂದು ಫಾಸ್ಟ್ ಟ್ರ್ಯಾಕ್ ಮತ್ತು ಮೇರು ಕಂಪನಿಗಳು 2015ರಲ್ಲಿ ಆಯೋಗದ ಮುಂದೆ ಹೋದವು. 2017ರ ಜುಲೈನಲ್ಲಿ ಆಯೋಗ ದೂರನ್ನು ಮುಚ್ಚಿತು. ಊಬರ್ ಜೋರಾಗಿ ಪೈಪೋಟಿ ಕೊಡುತ್ತಿರುವಾಗ ಓಲಾ ಪ್ರಬಲ ಎನ್ನಲಾಗದು, ಇಬ್ಬರನ್ನೂ ಸೇರಿಸಿ ಪ್ರಬಲರು ಎನ್ನಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂಬುದು ಅದರ ನಿಲುವು. ಅದೇ ವರ್ಷ ಜೂನ್‌ನಲ್ಲಿ ಜಿಯೊ ಉಚಿತ ಸೇವೆಯ ವಿರುದ್ಧ ಏರ್‌ಟೆಲ್ ಕೊಟ್ಟ ದೂರೂ ಜಿಯೊ ಪ್ರಬಲ ಸ್ಥಾನದಲ್ಲಿಲ್ಲ ಎಂಬ ಕಾರಣಕ್ಕೆ ಬಿದ್ದಿತು. ಇದರ ಅರ್ಥವನ್ನು ನಿಮ್ಮ ಬೀದಿಗೆ ತಂದು ನೋಡಿ. ಒಂದೇ ಊರಿಗೆ ಎರಡು ದೊಡ್ಡ ಸರಣಿಗಳು ಬಂದು ಪರಸ್ಪರ ಮೇಲಾಟದಲ್ಲಿ ಅಸಲಿಗಿಂತ ಕೆಳಗೆ ಇಳಿದರೆ, ನಡುವೆ ಐವತ್ತು ಸಣ್ಣ ಅಂಗಡಿ ಮುಚ್ಚಿದರೂ ಆ ಇಬ್ಬರಲ್ಲಿ ಯಾರೂ ಪ್ರಬಲರಲ್ಲ ಎಂದಾಗಬಹುದು. ಏಟು ಬಿದ್ದವನಿಗೆ ಹೊಡೆದವರು ಒಬ್ಬರೋ ಇಬ್ಬರೋ ಎಂಬುದರಿಂದ ನೋವು ಕಡಿಮೆಯಾಗುವುದಿಲ್ಲ. ಈ ಕಾಯ್ದೆಯ ದೊಡ್ಡ ಬಿರುಕು ಇದು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಊಬರ್ ಪ್ರಕರಣದಲ್ಲಿ ತನಿಖೆಗೆ ಅವಕಾಶ ಕೊಟ್ಟಿತು. ಪ್ರತಿ ಪ್ರಯಾಣಕ್ಕೆ 204 ರೂಪಾಯಿ ನಷ್ಟ ಮಾಡಿಕೊಂಡು ಓಡಿಸುತ್ತಿದ್ದಾರೆ ಎಂಬುದು ಆರೋಪ. ಅದು ನಿಜವಾದರೆ, ಸ್ಪರ್ಧಿಗಳನ್ನು ಇಲ್ಲವಾಗಿಸುವುದರ ಹೊರತು ಅಂಥ ನಷ್ಟಕ್ಕೆ ವ್ಯಾಪಾರದ ಅರ್ಥವೇ ಇರುವುದಿಲ್ಲ ಎಂಬ ದಿಕ್ಕಿನಲ್ಲಿ ನ್ಯಾಯಾಲಯ ಯೋಚಿಸಿತು. ಪ್ರಾಬಲ್ಯ ಎಂದರೆ ಮಾರುಕಟ್ಟೆಯ ಪಾಲು ಮಾತ್ರವಲ್ಲ, ಸ್ಪರ್ಧಿಗಳನ್ನು ತನಗೆ ಬೇಕಾದಂತೆ ಬಾಗಿಸಬಲ್ಲ ಶಕ್ತಿಯೂ ಹೌದು ಎಂಬ ಕಾಯ್ದೆಯ ಮಾತಿಗೆ ಅದು ತೂಕ ಕೊಟ್ಟಿತು. ತನಿಖೆಯ ನಂತರ 2021ರಲ್ಲಿ ಆಯೋಗ ಆ ಪ್ರಕರಣವನ್ನೂ ಮುಚ್ಚಿತೆಂಬುದನ್ನು ಮರೆಮಾಚುವುದು ಸರಿಯಲ್ಲ. ಆದರೂ ದೂರಿನ ಹೊಸ್ತಿಲು ದಾಟಲು ಆ ತೀರ್ಪು ಕೊಟ್ಟ ಓದು ನಿಮ್ಮ ಕೈಯಲ್ಲಿದೆ. ವರ್ತಕರ ಸಂಘವೊಂದು ದೂರು ಕೊಟ್ಟರೆ ಏನಾಗಬಹುದೆಂಬುದಕ್ಕೂ ಉದಾಹರಣೆ ಇದೆ. ದೆಹಲಿ ವ್ಯಾಪಾರ್ ಮಹಾಸಂಘದ ದೂರಿನ ಮೇಲೆ 2020ರ ಜನವರಿಯಲ್ಲಿ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಭಾರಿ ರಿಯಾಯಿತಿ, ಆಯ್ದ ಮಾರಾಟಗಾರರಿಗೆ ಆದ್ಯತೆ ಎಂಬವು ಅಲ್ಲಿನ ಆರೋಪಗಳು. ಆದೇಶವನ್ನು ಪ್ರಶ್ನಿಸಿ ಕಂಪನಿಗಳು ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿಗೆ. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈನಲ್ಲಿ ವಿಭಾಗೀಯ ಪೀಠ ಅವರ ಅರ್ಜಿಗಳನ್ನು ವಜಾ ಮಾಡಿದವು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ತನಿಖೆಯನ್ನು ತಡೆಯಲಿಲ್ಲ.

ಇನ್ನು ಊರಿನ ಅಳತೆಗೋಲಿನ ಮಾತು. ಪ್ರಾಬಲ್ಯವನ್ನು ಅಳೆಯುವ ಮೊದಲು ಮಾರುಕಟ್ಟೆ ಯಾವುದೆಂದು ಗುರುತಿಸಬೇಕು. ಸ್ಪರ್ಧೆಯ ಪರಿಸ್ಥಿತಿ ಒಂದೇ ತೆರನಾಗಿದ್ದು, ನೆರೆಯ ಪ್ರದೇಶಗಳಿಂದ ಬೇರೆಯಾಗಿ ಗುರುತಿಸಬಹುದಾದ ಪ್ರದೇಶವೇ ಭೌಗೋಳಿಕ ಮಾರುಕಟ್ಟೆ ಎನ್ನುತ್ತದೆ ಕಾಯ್ದೆ. ಸಾಗಣೆ ವೆಚ್ಚ, ಭಾಷೆ, ಗ್ರಾಹಕರ ಒಲವು, ಹಂಚಿಕೆಯ ಅನುಕೂಲ ಇವನ್ನೆಲ್ಲ ಪರಿಗಣಿಸಲು 19ನೇ ಸೆಕ್ಷನ್ ಹೇಳುತ್ತದೆ. ಬೆಂಗಳೂರು ನಗರವೊಂದನ್ನೇ ಮಾರುಕಟ್ಟೆಯೆಂದು ಹಿಡಿದು ಓಲಾ ದೂರನ್ನು ಪರಿಶೀಲಿಸಿದ ಆಯೋಗಕ್ಕೆ ಚಿಂತಾಮಣಿ ಪಟ್ಟಣವನ್ನೂ ಸುತ್ತಲ ಹಳ್ಳಿಗಳನ್ನೂ ಒಂದು ಮಾರುಕಟ್ಟೆಯೆಂದು ಹಿಡಿಯಲು ಕಾನೂನಿನ ಅಡ್ಡಿಯಿಲ್ಲ. ದೇಶದ ದಿನಸಿ ವ್ಯಾಪಾರದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ ಸರಣಿ ಒಂದು ಪಟ್ಟಣದಲ್ಲಿ ಅರ್ಧಕ್ಕರ್ಧ ವ್ಯಾಪಾರ ಹಿಡಿದಿರುವುದು ಸಾಧ್ಯ. ಇದನ್ನು ಘೋಷಣೆಯಿಂದಲ್ಲ, ಪುರಾವೆಯಿಂದ ತೋರಿಸಬೇಕು. ಗೌರಿಬಿದನೂರಿನವರು ಸಾಮಾನಿಗೆ ಹಿಂದೂಪುರಕ್ಕೂ ಹೋಗಿಬರುವರೇ, 44ನೇ ಹೆದ್ದಾರಿಯ ಮೇಲಿರುವ ಚಿಕ್ಕಬಳ್ಳಾಪುರದವರು ತಿಂಗಳ ಸಾಮಾನನ್ನು ದೇವನಹಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೊಳ್ಳುವರೇ ಎಂದು ಎದುರು ಪಕ್ಷ ಕೇಳಿಯೇ ಕೇಳುತ್ತದೆ. ಉತ್ತರ ಊರಿಂದೂರಿಗೆ ಬೇರೆಯಾದೀತು. ಶಿಡ್ಲಘಟ್ಟದ ಬಾಡಿಗೆ ಮನೆಯ ರೇಷ್ಮೆ ರೀಲರ್ ಕುಟುಂಬ ಒಂದು ಕಿಲೋ ಬೇಳೆಗೆ ಬಸ್ಸು ಹತ್ತುವುದಿಲ್ಲವೆಂಬುದು ನಿಮಗೆ ಗೊತ್ತು. ಆಯೋಗಕ್ಕೆ ಅದು ಗೊತ್ತಾಗುವಂತೆ ದಾಖಲಿಸುವುದು ನಿಮ್ಮ ಕೆಲಸ.

ಗ್ರಾಹಕನಿಗೆ ಅಗ್ಗವಾಗಿ ಸಿಗುತ್ತಿರುವಾಗ ಅಂಗಡಿಯವನ ಅಳಲಿಗೆ ಕಾನೂನು ಏಕೆ ಕಿವಿಗೊಡಬೇಕು ಎಂಬ ಆಕ್ಷೇಪಣೆ ಗಟ್ಟಿಯಾದದ್ದು. ನೇರ ಉತ್ತರ ಕೊಡಬೇಕು. ಗ್ರಾಹಕನಿಗೆ ಬೇಕಾದದ್ದು ಇವತ್ತಿನ ಅಗ್ಗದ ಬೆಲೆಯೊಂದೇ ಅಲ್ಲ, ಬರುವ ವರ್ಷವೂ ಎರಡು ಕಡೆ ಕೇಳಿ ನೋಡಿ ಕೊಳ್ಳುವ ಅವಕಾಶ. ನಿಮ್ಮ ಊರುಗಳಲ್ಲಿ ಹಣ ತಿಂಗಳ ಮೊದಲ ತಾರೀಕಿನ ಸಂಬಳವಾಗಿ ಬರುವುದಕ್ಕಿಂತ ಡೇರಿಯ ಬಟವಾಡೆಯಾಗಿ, ರೇಷ್ಮೆ ಗೂಡು ಮಾರಿದ ದಿನದ ಹಣವಾಗಿ, ಟೊಮೆಟೊ ಮಂಡಿಯ ಪಟ್ಟಿಯಾಗಿ ಬರುತ್ತದೆ. ಆ ಹಣ ಬರುವವರೆಗೆ ಮನೆ ನಡೆಸುವುದು ಅಂಗಡಿಯ ಸಾಲದ ಪುಸ್ತಕ. ಟೊಮೆಟೊ ದರ ನೆಲಕಚ್ಚಿದ ವಾರದಲ್ಲಿ ಅಕ್ಕಿ ಕೊಟ್ಟು ಬರೆದುಕೊಳ್ಳುವ ಅಂಗಡಿ ಹೋದರೆ ಆ ಮನೆಗೆ ಉಳಿಯುವುದು ಬಡ್ಡಿಯ ಸಾಲ. ಬಿಲ್ಲಿನಲ್ಲಿ ಕಾಣುವ ರಿಯಾಯಿತಿ ಒಂದು ಕಡೆ, ಬಿಲ್ಲಿನಲ್ಲಿ ಕಾಣದ ಈ ಅನುಕೂಲ ಇನ್ನೊಂದು ಕಡೆ. ಎರಡನ್ನೂ ತೂಗಿಯೇ ಗ್ರಾಹಕನ ಹಿತವನ್ನು ಅಳೆಯಬೇಕು. ಸರಣಿ ಮಳಿಗೆ ನಿಜವಾದ ದಕ್ಷತೆಯಿಂದ ಗೆದ್ದರೆ ಆ ಗೆಲುವು ಅದಕ್ಕೆ ಸಲ್ಲಲಿ. ಬೇರೆ ಊರಿನ ಲಾಭದಿಂದಲೋ ಹೂಡಿಕೆದಾರರ ಹಣದಿಂದಲೋ ನಷ್ಟ ತುಂಬಿಕೊಂಡು ಗೆದ್ದರೆ ಅಲ್ಲಿ ಗೆದ್ದದ್ದು ದಕ್ಷತೆಯಲ್ಲ, ಹಣದ ಚೀಲ.

ಅರ್ಥಶಾಸ್ತ್ರಜ್ಞರ ಆಕ್ಷೇಪಣೆ ಇದಕ್ಕಿಂತ ಸೂಕ್ಷ್ಮವಾದದ್ದು. ನಷ್ಟಕ್ಕೆ ಮಾರುವವನು ಮುಂದೆ ಬೆಲೆ ಏರಿಸಿ ನಷ್ಟ ತುಂಬಿಕೊಳ್ಳಬೇಕು, ಏರಿಸಿದ ಕೂಡಲೇ ಹೊಸ ಅಂಗಡಿ ಹುಟ್ಟುತ್ತದೆ, ಹಾಗಾಗಿ ಬುದ್ಧಿಯಿರುವವರು ಈ ಆಟ ಆಡುವುದಿಲ್ಲ ಎನ್ನುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟ್ 1993ರಲ್ಲಿ ನಷ್ಟವನ್ನು ಮರಳಿ ಗಳಿಸುವ ಸಾಧ್ಯತೆಯನ್ನೂ ದೂರುದಾರ ತೋರಿಸಬೇಕೆಂದಿತು. ಅದೇ ದೇಶದ ಆರ್ಕನ್ಸಾ ರಾಜ್ಯದ ಕಾನ್ವೇ ಎಂಬ ಸಣ್ಣ ಪಟ್ಟಣದಲ್ಲಿ ವಾಲ್‌ಮಾರ್ಟ್ ವೆಚ್ಚಕ್ಕಿಂತ ಕಡಿಮೆಗೆ ಔಷಧಿ ಮಾರಿತೆಂದು ಮೂರು ಔಷಧಿ ಅಂಗಡಿಗಳು ಕೆಳ ನ್ಯಾಯಾಲಯದಲ್ಲಿ ಗೆದ್ದವು. 1995ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ರಿಯಾಯಿತಿಯ ಸರಕುಗಳು ಬದಲಾಗುತ್ತಲೇ ಇದ್ದವು, ಊರಿನಲ್ಲಿ ಸ್ಪರ್ಧೆ ಉಳಿದೇ ಇತ್ತು, ಸ್ಪರ್ಧಿಗಳನ್ನು ಮುಗಿಸುವ ಉದ್ದೇಶ ಸಾಬೀತಾಗಲಿಲ್ಲ ಎಂಬುದು ಅದರ ಕಾರಣ. ಈ ಸೋಲಿನಿಂದ ಕಲಿಯುವುದಿದೆ: ಒಂದು ಹಬ್ಬದ ಸಕ್ಕರೆ ಆಫರ್ ಪುರಾವೆಯಲ್ಲ, ಅದೇ ಸರಕುಗಳ ಮೇಲೆ ತಿಂಗಳುಗಟ್ಟಲೆ ನಿಂತ ನಷ್ಟದ ಬೆಲೆ ಪುರಾವೆ. ಆದರೆ ಹೊಸ ಅಂಗಡಿ ತಾನಾಗಿ ಹುಟ್ಟುತ್ತದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಮುಚ್ಚಿದ ದಿನಸಿ ಅಂಗಡಿಯ ಜೊತೆ ಹೋಲ್‌ಸೇಲ್ ವ್ಯಾಪಾರಿ ಕೊಡುತ್ತಿದ್ದ ಸಾಲದ ಅವಧಿ ಹೋಗುತ್ತದೆ, ಹಳ್ಳಿಗಳಲ್ಲಿ ಉಳಿದ ಬಾಕಿ ಮುಳುಗುತ್ತದೆ, ಮಕ್ಕಳು ಬೇರೆ ಕೆಲಸ ಹಿಡಿಯುತ್ತಾರೆ. ಬೆಲೆ ಏರಿದ ಮೇಲೆ ಮತ್ತೆ ಬಾಗಿಲು ತೆರೆಯಲು ಹೊರಟವನು ಹಿಂದಿನವನ ಗತಿ ನೆನೆದು ಹಿಂಜರಿಯುತ್ತಾನೆ. ನಮ್ಮ ಕಾಯ್ದೆಯ ವ್ಯಾಖ್ಯೆಯಲ್ಲೂ ನಷ್ಟ ಮರಳಿ ಗಳಿಸುವ ಷರತ್ತು ಬರೆದಿಲ್ಲ.

ಹಾಗಾದರೆ ಎಂಥ ತಿದ್ದುಪಡಿ ಬೇಕು? ಇಲ್ಲಿ ಎರಡು ದೇಶಗಳ ಅನುಭವ ನಮಗೆ ದಾರಿ ತೋರಿಸುತ್ತದೆ. ಐರ್ಲೆಂಡ್ 1987ರಲ್ಲಿ ದಿನಸಿಯನ್ನು ಬಿಲ್ಲಿನ ದರಕ್ಕಿಂತ ಕಡಿಮೆಗೆ ಮಾರಬಾರದೆಂದು ದೊಡ್ಡವರು ಸಣ್ಣವರು ಎನ್ನದೆ ಎಲ್ಲರಿಗೂ ನಿಯಮ ಮಾಡಿತು. ಬಿಲ್ಲಿನಲ್ಲಿ ಕಾಣಿಸದ ಸ್ಕೀಮು, ರಿಯಾಯಿತಿಗಳನ್ನು ಗ್ರಾಹಕನಿಗೆ ದಾಟಿಸದೆ ಬೆಲೆ ಮೇಲೇ ಉಳಿಯಿತೆಂಬ ಟೀಕೆಯ ನಂತರ 2006ರಲ್ಲಿ ಅದನ್ನು ಕೈಬಿಟ್ಟಿತು. ಜರ್ಮನಿಯ ದಾರಿ ಬೇರೆ. ಅಲ್ಲಿನ ಸ್ಪರ್ಧಾ ಕಾಯ್ದೆಯ 20ನೇ ಸೆಕ್ಷನ್ ಇಡೀ ಮಾರುಕಟ್ಟೆಯ ಪ್ರಾಬಲ್ಯವನ್ನು ಕೇಳುವುದಿಲ್ಲ. ಸಣ್ಣ, ಮಧ್ಯಮ ಸ್ಪರ್ಧಿಗಳಿಗೆ ಹೋಲಿಸಿದರೆ ಮೇಲುಗೈ ಇರುವವನು ಸಕಾರಣವಿಲ್ಲದೆ ಕೊಳ್ಳುವ ದರಕ್ಕಿಂತ ಕಡಿಮೆಗೆ ಮಾರುತ್ತ ಹೋಗಬಾರದು ಎನ್ನುತ್ತದೆ. ಕೆಡುವ ಹಂತದ ಆಹಾರವನ್ನು ಅಗ್ಗಕ್ಕೆ ಮುಗಿಸಲು ಅಡ್ಡಿಯಿಲ್ಲ. 2000ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ವಾಲ್‌ಮಾರ್ಟ್, ಆಲ್ಡಿ, ಲಿಡ್ಲ್ ಮೂವರಿಗೂ ಹಾಲು, ಸಕ್ಕರೆ, ಹಿಟ್ಟಿನಂಥ ಸರಕುಗಳನ್ನು ನಷ್ಟಕ್ಕೆ ಮಾರುವುದನ್ನು ನಿಲ್ಲಿಸಲು ಹೇಳಿತು. ಓಲಾ ಪ್ರಕರಣದಲ್ಲಿ ನಾವು ಕಂಡ ಬಿರುಕನ್ನು ಮುಚ್ಚುವುದು ಇಂಥ ನಿಯಮವೇ. ಇದು ನಮಗೆ ಪೂರ್ತಿ ಹೊಸದೂ ಅಲ್ಲ. 1969ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯ್ದೆಯ 33ನೇ ಸೆಕ್ಷನ್ ಸ್ಪರ್ಧಿಯನ್ನು ಇಲ್ಲವಾಗಿಸುವಂಥ ಬೆಲೆಗೆ ಮಾರುವ ಒಪ್ಪಂದವನ್ನು ನಿರ್ಬಂಧಕ ಪದ್ಧತಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2009ರಲ್ಲಿ ಆ ಕಾಯ್ದೆ ರದ್ದಾಯಿತು. ಎಲ್ಲರಿಗೂ ಕನಿಷ್ಠ ಬೆಲೆ ಬೇಡಬೇಡಿ, ಅದು ಐರ್ಲೆಂಡಿನ ದಾರಿ. ಮೇಲುಗೈ ಇರುವವರಿಗೆ ಮಾತ್ರ ಮಿತಿ ಬೇಡಿ.

ನಿಮ್ಮ ಕಡೆಯಿಂದ ಆಗಬಾರದ ತಪ್ಪೊಂದಿದೆ, ಅದನ್ನು ಒತ್ತಿ ಹೇಳಬೇಕು. ಸಂಘದ ಸಭೆ ಕರೆದು ಇಷ್ಟಕ್ಕಿಂತ ಕಡಿಮೆಗೆ ಯಾರೂ ಮಾರಕೂಡದು ಎಂದು ನಿರ್ಣಯ ಮಾಡುವುದು ರಕ್ಷಣೆಯಂತೆ ಕಾಣಬಹುದು. ಆದರೆ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಸ್ಪರ್ಧಿಗಳು ಸೇರಿ ಬೆಲೆ ನಿಗದಿ ಮಾಡುವುದು ಕಾನೂನುಬಾಹಿರ, ಅದಕ್ಕೆ ಪ್ರಾಬಲ್ಯದ ಪುರಾವೆಯೂ ಬೇಕಿಲ್ಲ. 2012ರಲ್ಲಿ ಗೋವಾದ ಔಷಧಿ ವ್ಯಾಪಾರಿಗಳ ಸಂಘಕ್ಕೆ ಆಯೋಗ ದಂಡ ಹಾಕಿದೆ. ಅನ್ಯಾಯದ ವಿರುದ್ಧ ದೂರು ಕೊಡಲು ಹೊರಟವರೇ ಆರೋಪಿಗಳಾಗಬೇಡಿ. ಸಂಘ ಬೆಲೆ ಕಟ್ಟುವ ಕೂಟವಾಗದಿರಲಿ, ಪುರಾವೆ ಕಟ್ಟುವ ಸಂಸ್ಥೆಯಾಗಲಿ.

ಪುರಾವೆ ಕಟ್ಟುವುದೆಂದರೆ ಹೀಗೆ: ಆಯ್ದ ಇಪ್ಪತ್ತು ಮೂವತ್ತು ಸರಕುಗಳ ಮಾರಾಟ ಬೆಲೆಯನ್ನು ದಿನಾಂಕ ಸಮೇತ, ಬಿಲ್ ಸಮೇತ ತಿಂಗಳುಗಟ್ಟಲೆ ದಾಖಲಿಸುವುದು, ನಿಮ್ಮ ಕೊಳ್ಳುವ ಬಿಲ್ಲುಗಳನ್ನು ಜೋಡಿಸಿಡುವುದು, ಮುಚ್ಚಿದ ಅಂಗಡಿಗಳ ಪಟ್ಟಿ ಇಡುವುದು, ಗ್ರಾಹಕರು ಎಲ್ಲಿಂದ ಬಂದು ಕೊಳ್ಳುತ್ತಾರೆಂದು ಬರೆದಿಡುವುದು. ಮಳಿಗೆಯ ಅಸಲು ಎಷ್ಟೆಂದು ಅವರ ಲೆಕ್ಕದ ಪುಸ್ತಕ ತರಿಸಿ ನೋಡುವ ಅಧಿಕಾರ ತನಿಖೆಯ ಮಹಾನಿರ್ದೇಶಕರಿಗಿದೆ, ಆ ಹೊರೆ ನಿಮ್ಮದಲ್ಲ. ತನಿಖೆ ಆರಂಭವಾಗುವಷ್ಟು ಮೇಲ್ನೋಟದ ಆಧಾರ ಒದಗಿಸುವುದು ನಿಮ್ಮ ಪಾಲು. ವರ್ತಕರ ಸಂಘ ನೇರವಾಗಿ ಆಯೋಗಕ್ಕೆ ಮಾಹಿತಿ ಸಲ್ಲಿಸಬಹುದು, 2023ರ ತಿದ್ದುಪಡಿಯ ನಂತರ ಅದಕ್ಕೆ ಮೂರು ವರ್ಷದ ಗಡುವಿದೆ. ರಾಜ್ಯ ಸರ್ಕಾರವೂ ಪ್ರಕರಣವನ್ನು ಆಯೋಗಕ್ಕೆ ಒಪ್ಪಿಸಬಹುದೆಂದು 19ನೇ ಸೆಕ್ಷನ್ ಹೇಳುತ್ತದೆ. ನಾಲ್ಕೂ ಊರುಗಳ ಸಂಘಗಳು ಒಂದೇ ಕಡತ ಹಿಡಿದು ಶಾಸಕರ ಮೂಲಕ ಸರ್ಕಾರವನ್ನು ಕೇಳಬೇಕಾದದ್ದು ಇದನ್ನು. ವಿಚಾರಣೆ ಮುಗಿಯುವಷ್ಟರಲ್ಲಿ ಅಂಗಡಿ ಉಳಿಯದಿದ್ದರೆ ತೀರ್ಪಿನಿಂದ ಫಲವಿಲ್ಲ, ಆದ್ದರಿಂದ ಸ್ಪರ್ಧಾ ಕಾಯ್ದೆಯ 33ನೇ ಸೆಕ್ಷನ್ನಿನ ಮಧ್ಯಂತರ ಆದೇಶವನ್ನೂ ದೂರಿನ ಜೊತೆಗೇ ಕೇಳಿ. ಕಂಪನಿಗಳು ದೊಡ್ಡವರಿಗೊಂದು ದರ, ನಿಮಗೊಂದು ದರ ಕೊಡುವ ಪ್ರಶ್ನೆಯನ್ನು ಬೇರೆಯಾಗಿ ಎತ್ತಿ. 2022ರ ಆರಂಭದಲ್ಲಿ ವಿತರಕರ ಅಖಿಲ ಭಾರತ ಒಕ್ಕೂಟ ಇದೇ ಬೆಲೆ ಸಮಾನತೆಗಾಗಿ ಕಂಪನಿಗಳ ಜೊತೆ ಜಗ್ಗಾಡಿದೆ. ಒಂದು ಮಾರುಕಟ್ಟೆಯಲ್ಲಿ ಪ್ರಬಲವಾಗಿರುವ ಕಂಪನಿ ತಾರತಮ್ಯದ ದರ ಹಾಕಿದರೆ ಅದೂ 4ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಮೊಬೈಲ್ ಮೂಲಕ ಮಾರುವ, ವಿದೇಶಿ ಬಂಡವಾಳದ ಮಾರುಕಟ್ಟೆ ತಾಣಗಳು ಸರಕಿನ ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರಬಾರದೆಂದು 2019ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಕೇಂದ್ರದ ಬಂಡವಾಳ ನೀತಿ ಹೇಳುತ್ತದೆ. ಆ ನೀತಿಯ ಪಾಲನೆಯನ್ನು ಕೇಳುವುದೂ ನಿಮ್ಮ ಹಕ್ಕು.

ವರ್ತಕ ಬಂಧುಗಳೇ, ನಿಮ್ಮಲ್ಲಿ ದುಬಾರಿಯಾಗಿ ಮಾರುವವರು, ತೂಕದಲ್ಲಿ ಕಡಿಮೆ ಮಾಡುವವರು, ಬದಲಾಗಲು ಒಲ್ಲದವರು ಇದ್ದರೆ ಅವರನ್ನು ಯಾವ ಕಾನೂನೂ ಉಳಿಸುವುದಿಲ್ಲ, ಉಳಿಸಬೇಕಾಗಿಯೂ ಇಲ್ಲ. ಸರಿಯಾಗಿ ಮಾರುವವನು ತನಗಿಂತ ಚೆನ್ನಾಗಿ ಮಾರುವವನಿಗೆ ಸೋತರೆ ಅದು ವ್ಯಾಪಾರ. ನಷ್ಟ ತಾಳುವ ತಾಕತ್ತು ಇಲ್ಲವೆಂಬ ಒಂದೇ ಕಾರಣಕ್ಕೆ ಸೋತರೆ ಅದು ಅನ್ಯಾಯ. ಈ ಎರಡರ ನಡುವೆ ಗೆರೆ ಎಳೆಯುವ ಕೆಲಸವನ್ನು ಕಾಯ್ದೆ ಅರ್ಧ ಮಾಡಿ ನಿಲ್ಲಿಸಿದೆ. ಉಳಿದ ಅರ್ಧವನ್ನು ಆಯೋಗದಿಂದಲೂ ಸಂಸತ್ತಿನಿಂದಲೂ ಮಾಡಿಸಬೇಕು, ಅದಕ್ಕೆ ಮೊದಲ ಕಡತ ನಿಮ್ಮ ನಾಲ್ಕು ಊರುಗಳಿಂದ ಹೋಗಲಿ. ಮುಂದಿನ ಸಂಘದ ಸಭೆಯಲ್ಲಿ ದರಪಟ್ಟಿ ಬರೆಯುವವರನ್ನು, ಬಿಲ್ಲು ಕೂಡಿಡುವವರನ್ನು, ವಕೀಲರನ್ನು ಕಾಣುವವರನ್ನು ಹೆಸರಿಸಿ ಕೆಲಸ ಹಂಚಿಕೊಳ್ಳಿ.

ನಿಮ್ಮ ಹಿತ ಬಯಸುವ,
ಒಬ್ಬ ಲೇಖಕ